ಸೀಟು ಬಿಡುವ ಸೂತ್ರ

ಹಿರಿಯೂರಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ಗಣಿತದ ಮೇಷ್ಟ್ರು. ಪಕ್ಕದಲ್ಲಿ ಅವರ ಶಾಲೆಯದೇ ಕಿರಿಯ ಮೇಷ್ಟ್ರು ಮಾರುತೇಶ್. ಆ ಟವೆಲ್ ಕಂಡು ಕೂರದೆ ಹಿಂದೆ ಸರಿದ ಅಜ್ಜಿ ಅಲ್ಲೇ ಕಂಬಿ ಹಿಡಿದು ನಿಂತಿದ್ದರು. ಮೇಷ್ಟ್ರು ದನಿ ತಗ್ಗಿಸಿದರು.

“ಏಳಬೇಕೋ ಬ್ಯಾಡ್ವೋ, ಲೆಕ್ಕ ಹಾಕಾಣ ಮಾರುತೇಶ್. ಅಜ್ಜಿ ಕುಂತ್ರೆ ಸಿಗೋ ಸುಖ ಪ್ಲಸ್ಸು. ನನ್ನ ಮಂಡಿನೋವು ಐತಲ್ಲ, ಅದು ಮೈನಸ್ಸು.”

“ಟವೆಲ್ ಎಸೆದಿದ್ದು ಸರ್?”

“ಅದೂ ಮೈನಸ್ಸೇ. ಆದ್ರೆ ಓಡಿಬಂದು ಎಸ್ದಿದೀನಿ, ಆ ಕಷ್ಟಕ್ಕೆ ಒಂದಿಷ್ಟು ಮಾರ್ಕ್ಸ್ ಕೊಡ್ಬೇಕು.”

“ಕೊಡೋರ್ಯಾರು ಸರ್?”

“ನಾನೇ. ನನ್ನ ಪೇಪರು ನಾನೇ ತಿದ್ದೋದು. ಈ ವಿಧಾನದ ಅನುಕೂಲನೇ ಅದು.”

ಐಮಂಗಲದಲ್ಲಿ ಅಜ್ಜಿ ಇಳಿದರು.

“ಉತ್ತರ ಬಂತು ಕಣಪ್ಪ. ಏಳಬೇಕಿತ್ತು.”

“ಅಜ್ಜಿ ಇಳ್ದೋದ್ರು ಸರ್.”

“ಗೊತ್ತು. ಅವರು ಇಳಿದ ಮ್ಯಾಲೇ ಲೆಕ್ಕ ಸಲೀಸಾಗಿದ್ದು. ನೀನಾದ್ರೂ ಏಳ್ಬೋದಿತ್ತಲ್ಲ?”

“ನಿಮ್ಮ ಉತ್ತರಕ್ಕೆ ಕಾಯ್ತಿದ್ದೆ ಸರ್.”

ದುರ್ಗ ಬಂತು. ಮೇಷ್ಟ್ರು ತಮ್ಮಷ್ಟಕ್ಕೆ ನಗುತ್ತ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದರು. ಮಾರುತೇಶ್ ಹಿಂದೆಯೇ ಹೋದರು. ಹಿಂದಿನ ಸೀಟಿನಲ್ಲಿ ಹಿರಿಯೂರಿನಿಂದಲೂ ಕಾಲು ಚಾಚಿ ಕೂತಿದ್ದ ನಾನೂ ಆ ಉತ್ತರಕ್ಕೇ ಕಾಯುತ್ತಿದ್ದೆ.