ಜಾತಕದ ಜೊತೆ ಬಂದ ವರದಿ

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದ ಯಮುನಮ್ಮ ಪೇಪರು ಓದುವವರಂತೆ ಕೂತಿದ್ದರೂ ಅವರ ಕಿವಿಯೆಲ್ಲ ಪಕ್ಕದ ಅಪ್ಪ-ಮಗಳ ಕಡೆಗೇ ಇತ್ತು. ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗ ನೌಕಾಪಡೆಗೆ ಹಡಗು ಕಟ್ಟುವ ಯಾವುದೋ ಕಂಪನಿಯಲ್ಲಿ ಇಂಜಿನಿಯರು.

"ಜಾತಕದ ಜೊತೆ ಇದೆಂತ ಕಟ್ಟು ಕಳಿಸಿದಾನೆ?" ಅಂದರು ಅಪ್ಪ.

"ಅವನ ಕಂಪನಿ ಶೇರುದಾರರಿಗೆ ಕೊಡೋ ವರದಿ ಅಪ್ಪ. ತಮಗೆ ಏನೇನು ಅಪಾಯ ಬರಬಹುದು ಅಂತ ಅವರೇ ಬರ್ದಿದಾರೆ. ಓದ್ಲಾ?"

"ಓದು."

"ಅಣುಶಕ್ತಿ ಸಬ್‌ಮರೀನಿನಲ್ಲಿ ಅವಘಡ ಆದ್ರೆ ನಮ್ಮ ವಿಮೆ ಸಾಕಾಗದೆ ಹೋಗಬಹುದು."

"ಭೇಷ್. ಒಳ್ಳೆ ಸಂಬಂಧ."

"ಹಡಗು ಕಟ್ಟೋ ಹಳೇ ಯಾರ್ಡಿನ ಮಣ್ಣಲ್ಲಿ ವಿಷ ಸೇರಿದ್ರೆ, ತೆಗೆಸೋ ಜವಾಬ್ದಾರಿ ನಮ್ಮ ತಲೆಗೇ ಬರಬಹುದು."

"ಹೆಣ್ಣು ಕೇಳೋರು ಯಾರಾದ್ರೂ ಇಂಥದ್ದನ್ನ ಕಳಿಸ್ತಾರಾ? ಅವನಿಗೆ ತಲೆ ನೆಟ್ಟಗಿದ್ಯಾ?"

"ಹೋದ ವರ್ಷ ಬಂದಿದ್ದ ಸಾಗರದವನು ಕುಡಿಯೋದನ್ನೇ ಮುಚ್ಚಿಟ್ಟಿದ್ದ. ಆದ್ರೂ ಅವನು ನಿಮಗೆ ದೇವರಂಥ ಹುಡುಗನಾಗಿದ್ದ."

ಅಪ್ಪ ಪಂಚೆಯ ಅಂಚು ಸರಿಮಾಡಿಕೊಂಡರು. ಯಮುನಮ್ಮನಿಗೆ ಆ ಹುಡುಗಿಯ ಬೆನ್ನು ತಟ್ಟಬೇಕು ಅನ್ನಿಸಿತು.

"ಹಾಗಾದ್ರೆ ನಾವೂ ನಮ್ಮ ಮನೆ ಅಪಾಯ ಬರ್ದು ಕಳಿಸ್ಬೇಕೇನು?"

"ನಿನ್ನೆಯೇ ಕಳಿಸಿದೀನಿ."

"ಎಂತ ಬರ್ದೆ ಮಾರಾಯ್ತಿ?"

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. ಮಗಳು ಬ್ಯಾಗನ್ನು ಹೆಗಲಿಗೇರಿಸಿದಳು.

"ಮೊದಲ್ನೇದು ನೀವು."

"ಅದನ್ನ ಓದಿ ಅವನೆಂತ ಅಂದ?"

"ಇದಕ್ಕೂ ವಿಮೆ ಸಾಕಾಗಲ್ಲ, ಆದ್ರೂ ಭಾನುವಾರ ಬರ್ತೀನಿ ಅಂದ."

ಅಪ್ಪ ಜಾತಕವನ್ನೂ ವರದಿಯನ್ನೂ ಒಟ್ಟಿಗೇ ಕಂಕುಳಲ್ಲಿ ಅವುಚಿಕೊಂಡು ಮಗಳ ಹಿಂದೆ ಬಸ್ಸು ಹತ್ತಿದರು.