ಚೆಂಡು ಬಾರದವನ ಓಟ

ಸಮುದ್ರದಾಚೆಯ ಒಂದೂರಲ್ಲಿ ಒಬ್ಬ ಆಟಗಾರ ಇದ್ದ. ಅವನ ಆಟಕ್ಕೂ ಫುಟ್‌ಬಾಲ್ ಎಂದೇ ಹೆಸರು, ಆದರೆ ನಮ್ಮ ಮಕ್ಕಳು ಕಾಲಲ್ಲಿ ಒದೆಯುವ ಆಟವಲ್ಲ ಅದು. ಅಲ್ಲಿ ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಉದ್ದನೆಯ ಚೆಂಡು. ಒಬ್ಬ ಅದನ್ನು ದೂರಕ್ಕೆ ಎಸೆಯುತ್ತಾನೆ. ಅಂಚಿನಲ್ಲಿ ನಿಂತವರು ಮುಂದೆ ಓಡಿ, ಹಿಡಿದು, ಕೊನೆಯ ಗೆರೆ ದಾಟಬೇಕು. ಹಾಗೆ ಹಿಡಿಯುವುದೇ ಇವನ ಉದ್ಯೋಗ, ಇವನ ಅನ್ನ. ಊರ ಜನ ಇವನ ಹೆಸರು ಬರೆದ ಅಂಗಿ ತೊಟ್ಟು ಆಟಕ್ಕೆ ಬರುತ್ತಿದ್ದರು.

ನೋಡಿ, ಹಿಡಿಯುವವರು ಹಲವರು, ಚೆಂಡು ಒಂದೇ. ಯಾರಿಗೆ ಎಸೆಯಬೇಕೆಂದು ತಂಡದವರು ಮೊದಲೇ ಗುಟ್ಟಾಗಿ ಮಾತಾಡಿಕೊಂಡಿರುತ್ತಾರೆ. ಆದರೂ ಎಲ್ಲರೂ ಓಡಬೇಕು, ಚೆಂಡು ತನಗೇ ಬರುತ್ತದೆ ಎನ್ನುವಂತೆ ಓಡಬೇಕು. ಯಾಕೆ? ಕಾವಲಿಗೆ ನಿಂತ ಎದುರಾಳಿಗಳಿಗೆ ಗುಟ್ಟು ತಿಳಿಯಬಾರದಲ್ಲ.

ಕೆಲವು ವರ್ಷಗಳ ಮೇಲೆ ತಂಡಕ್ಕೆ ಒಬ್ಬ ಹೊಸಬ ಬಂದ. ಚೆಂಡು ಅವನ ಕಡೆಗೇ ಹೆಚ್ಚು ಹೋಗತೊಡಗಿತು. ನಮ್ಮವನಿಗೆ ಒಳಗೊಳಗೇ ಕಹಿ. ನನಗಲ್ಲದ ಚೆಂಡಿಗೆ ನಾನೇಕೆ ಏದುಸಿರು ಬಿಡಲಿ ಎಂದುಕೊಂಡ. ತನ್ನ ಸರದಿಯಿದ್ದರೆ ಚಿರತೆ, ಇಲ್ಲದಿದ್ದರೆ ಊಟವಾದ ಮೇಲೆ ಅಡ್ಡಾಡುವ ಯಜಮಾನ.

ಒಂದು ಆಟದಲ್ಲಿ ಹಾಗೆಯೇ ಅಡ್ಡಾಡಿದ. ಅವನ ಬೆನ್ನಿಗಿದ್ದ ಕಾವಲಿನವನು ಅವನ ಕಾಲನ್ನು ನೋಡಿದ, ಅವನನ್ನು ಅಲ್ಲೇ ಬಿಟ್ಟ, ನೇರ ಹೊಸಬನತ್ತ ನುಗ್ಗಿದ. ಹೊಸಬ ಚೆಂಡಿಗಾಗಿ ಎರಡೂ ಕೈ ಎತ್ತಿದ್ದ. ತೆರೆದ ಪಕ್ಕೆಗೆ ಪೆಟ್ಟು ಬಿತ್ತು. ತಂಡ ಸೋತಿತು, ಹೊಸಬನನ್ನು ಹೊತ್ತೊಯ್ದರು.

ಮರುದಿನ ಕೋಚ್ ಅವನನ್ನು ಕೂರಿಸಿ ಆಟದ ವಿಡಿಯೊ ತೋರಿಸಿದರು.

"ನನ್ನ ತಪ್ಪೇನಿದೆ ಸರ್? ಚೆಂಡು ನನ್ನ ಕಡೆ ಬರೋದೇ ಇರ್ಲಿಲ್ಲ."

"ಅದು ನಂಗೂ ಗೊತ್ತು, ನಿಂಗೂ ಗೊತ್ತು. ಆ ಕಾವಲಿನವನಿಗೆ ಹೇಳಿದ್ಯಾರು ಮಾರಾಯಾ?"

ಕೋಚ್ ಪರದೆಯ ಮೇಲೆ ಅವನ ಕಾಲಿಗೆ ಬೆರಳಿಟ್ಟರು.

"ನಿನ್ನ ಕಾಲು ಹೇಳ್ತು. ಇನ್ನೂ ಹೀಗೇ ವಾಯುವಿಹಾರ ಮಾಡೋದಾದ್ರೆ ಹೇಳಿಬಿಡು, ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ."

ಜಾಗ ಹೋಗುವ ಭಯ ಹೊತ್ತೇ ಅವನು ಆಸ್ಪತ್ರೆಗೆ ಹೋದ. ಹೊಸಬ ಮೆಲ್ಲಗೆ ನಕ್ಕು ಹೇಳಿದ, "ಆ ಕಡೆ ನೀನಿದ್ದೀಯಲ್ಲ ಅಣ್ಣಾ, ಅದಕ್ಕೇ ನಾನು ತಿರುಗಿ ನೋಡ್ಲಿಲ್ಲ."

ಕೋಚ್ ಬೈದದ್ದು ಕಿವಿಗೆ ತಾಗಿತ್ತು. ಈ ಮಾತು ಎದೆಗೆ ತಾಗಿತು.

ಹೊಸಬ ಗುಣವಾಗಿ ಬಂದ. ದೊಡ್ಡ ಆಟದ ದಿನ, ಕೊನೆಯ ಎಸೆತ ಹೊಸಬನಿಗೇ ಎಂದು ನಿರ್ಧಾರವಾಯಿತು. ನಮ್ಮವನು ಓಡಿದ. ಹೇಗೆ ಓಡಿದ? ಜಗತ್ತಿನ ಚೆಂಡುಗಳೆಲ್ಲ ತನಗೇ ಬರುತ್ತಿವೆ ಎನ್ನುವ ಹಾಗೆ ಓಡಿದ. ಇಬ್ಬರು ಕಾವಲಿನವರು ಅವನ ಹಿಂದೆ ಬಿದ್ದರು. ಅಂಚಿನಲ್ಲಿ ಮೂವರೂ ಮಗುಚಿ ಬಿದ್ದಾಗ ಒಬ್ಬ ಏದುಸಿರಲ್ಲಿ ಕೇಳಿದ, "ಚೆಂಡೆಲ್ಲಪ್ಪಾ?"

"ನಂಗೇನು ಗೊತ್ತು? ನಾನು ಓಡ್ತಾ ಇದ್ದೆ."

ಆಚೆ ಹೊಸಬ ಯಾರ ಅಡ್ಡಿಯೂ ಇಲ್ಲದೆ ಗೆರೆ ದಾಟಿದ್ದ. ಜನ ಹೊಸಬನನ್ನು ಹೆಗಲ ಮೇಲೆ ಹೊತ್ತರು. ಕೋಚ್ ಮಾತ್ರ ಈ ಅಂಚಿಗೆ ನಡೆದು ಬಂದು, ಕೈಕೊಟ್ಟು ಇವನನ್ನು ಎಬ್ಬಿಸಿದರು. ಅವನ ಜಾಗ ಉಳಿಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ಹೆಸರು ಬಾರದ ಕೆಲಸದಲ್ಲಿ ನಾವು ಹೇಗೆ ಓಡುತ್ತಿದ್ದೇವೆ? ಮೈದುನನ ಮಗು ಪಾಠ ಕೇಳಲು ಬಂದರೆ ಅರ್ಧ ಮನಸ್ಸಲ್ಲಿ ಹೂಂಗುಟ್ಟುವುದಿಲ್ಲವೇ? ಭಜನೆಯಲ್ಲಿ ಮುಂದಾಗಿ ಹಾಡುವ ಸಾಲು ಇನ್ನೊಬ್ಬರಿಗೆ ಸಿಕ್ಕಿದರೆ, ಹಿಂದೆ ಸೇರಿ ಹಾಡುವ ನಮ್ಮ ದನಿ ತಗ್ಗುವುದಿಲ್ಲವೇ? ಆ ಸಡಿಲ ಹೆಜ್ಜೆಯ ಪೆಟ್ಟು ನಮಗೆ ಬೀಳುವುದಿಲ್ಲ, ತಾಯಂದಿರೇ, ಅಣ್ಣಂದಿರೇ. ನಮ್ಮನ್ನು ನಂಬಿ ಕೈ ಎತ್ತಿದವರಿಗೆ ಬೀಳುತ್ತದೆ.

ಇದನ್ನು ಬದಲಿಸಬಹುದು, ಇಂದೇ ಬದಲಿಸಬಹುದು. ಸಂಜೆ ಓರಗಿತ್ತಿಯ ತವರಿನವರು ಬಂದರೆ, ನಿಮ್ಮ ತವರಿನವರಿಗೆ ರುಬ್ಬುವಷ್ಟೇ ನುಣ್ಣಗೆ ಚಟ್ನಿ ರುಬ್ಬಿ. ಅಡುಗೆ ಚೆನ್ನಾಗಿದೆ ಎಂದು ಅವರು ಅವಳನ್ನೇ ಹೊಗಳಲಿ. ನೀವು ಇನ್ನೊಂದು ದೋಸೆ ಬಿಸಿಯಾಗಿ ತಂದು ಬಡಿಸಿ.