ಬಡಿಸುವ ಕೈ

ಅಳುವುದು ಸುಲಭ ನೋಡಿ, ಬಹಳ ಸುಲಭ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕೂತರೆ ಸಾಕು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ಸಾಹುಕಾರನಿದ್ದ. ಅಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನಿಗೆ ಹೊಡೆದಾಟದ ಸಿನಿಮಾ ಬೇಡ, ನಗಿಸುವ ಸಿನಿಮಾ ಬೇಡ. ಗಂಡ ಹೆಂಡತಿ ಜಗಳವಾಡಬೇಕು, ಕೋರ್ಟಿನ ಮೆಟ್ಟಿಲು ಹತ್ತಬೇಕು, ನಡುವೆ ಮಗುವೊಂದು ನಿಂತು ಪಿಳಿಪಿಳಿ ನೋಡಬೇಕು. ಆಗ ಇವನ ಶಲ್ಯ ಒದ್ದೆ! ಊರಿಗೆ ಊರೇ ಹೇಳುತ್ತಿತ್ತು, "ನಮ್ಮ ಸಾಹುಕಾರ್ರದು ಬೆಣ್ಣೆಯಂಥ ಮನಸ್ಸು."

ಒಮ್ಮೆ ಅಂಥದೇ ಒಂದು ಸಿನಿಮಾ ಬಂತು. ಅದರಲ್ಲಿ ಹೆಂಡತಿಯ ಕೈ ಸುಟ್ಟಿರುತ್ತದೆ, ಗಂಡ ತಿರುಗಿಯೂ ನೋಡುವುದಿಲ್ಲ, ಅವಳು ವಿಚ್ಛೇದನ ಕೇಳುತ್ತಾಳೆ. ಸಾಹುಕಾರ ಮೂರು ದಿನ ಬೆಳಗಿನ ಆಟಕ್ಕೆ ಹೋಗಿ ಮೂರು ಸಲ ನೋಡಿದ. ಮೂರು ಸಲವೂ ಅತ್ತ. ಅದೇ ವಾರ ಅವನ ಮನೆಯಲ್ಲಿ, ಅನ್ನ ಬಸಿಯುವಾಗ, ಕುದಿಯುವ ಗಂಜಿ ಅವನ ಹೆಂಡತಿಯ ಬಲಗೈ ಮೇಲೆ ಸುರಿದಿತ್ತು. ಅವಳೇ ಬಟ್ಟೆ ಸುತ್ತಿಕೊಂಡಳು. ತಾನಾಗಿ ಹೇಳಲಿಲ್ಲ. ಯಾಕೆ? ಅವನೇ ಕೇಳಲಿ ಎಂಬ ಆಸೆ. ಅಷ್ಟೂ ಆಸೆ ಇರಬಾರದೇ?

ಅಂದು ಊಟಕ್ಕೆ ಕೂತ ಸಾಹುಕಾರ ಕಣ್ಣೊರೆಸಿಕೊಳ್ಳುತ್ತ ಸಿನಿಮಾದ ಕಥೆ ಹೇಳಿದ. "ಎಂಥ ಕಟುಕ ಗಂಡ ಕಣೇ ಅವ್ನು! ಹೆಂಡ್ತಿ ಕೈ ಸುಟ್ಕೊಂಡಿದ್ರೆ ಏನಾಯ್ತು ಅಂತ ಒಂದು ಮಾತು ಕೇಳ್ಬಾರ್ದಾ?" ಅವಳು ಅನ್ನ ಬಡಿಸಿದಳು. ಅವನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಥೂ ದರಿದ್ರ! ಎಡಗೈಲಿ ಬಡಿಸ್ತೀಯಲ್ಲ, ನಿಮ್ಮಪ್ಪನ ಮನೇಲಿ ಇದೇನಾ ಕಲ್ಸಿದ್ದು?"

ನಗುತ್ತೀರಾ? ನಗಿ. ಎಂಟು ದಿನ ಅವಳು ಎಡಗೈಯಲ್ಲೇ ಬಡಿಸಿದಳು. ಎಂಟು ದಿನವೂ ಅವನು ಬೈದ. ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಒಂಬತ್ತನೆಯ ದಿನ ಅವಳು ತವರಿಗೆ ಹೊರಟುಹೋದಳು.

ಹಿರಿಯರು ಸೇರಿ ಇಬ್ಬರನ್ನೂ ಕರೆಸಿದರು. "ಏನಮ್ಮಾ, ಪರದೆ ಮೇಲಿನ ಹೆಣ್ಣಿಗೆ ಅಷ್ಟು ಅಳೋ ಮನುಷ್ಯ ಕಟ್ಕೊಂಡೋಳಿಗೆ ಕಲ್ಲಾಗ್ತಾನಾ? ತಪ್ಪು ನಿಂದೇ ಇರ್ಬೇಕು" ಎಂದರು. ನೋಡಿದಿರಾ? ಅವನ ಕಣ್ಣೀರೇ ಅವನಿಗೆ ಸಾಕ್ಷಿ! ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.

"ಸಿನಿಮಾದವಳಿಗೆ ಯಾವ ಕೈ ಸುಟ್ಟಿತ್ತು, ಇವರನ್ನ ಕೇಳಿ" ಎಂದಳು.

"ಎಡಗೈ" ಎಂದ ಸಾಹುಕಾರ, ತಟ್ಟನೆ. "ಮಣಿಕಟ್ಟಿಂದ ಮೊಣಕೈವರೆಗೂ. ಪಾಪ."

"ನಂದು ಯಾವ ಕೈ, ಕೇಳಿ."

ಸಾಹುಕಾರ ಹಿರಿಯರ ಮುಖ ನೋಡಿದ, ಸೂರು ನೋಡಿದ. "ನಿಂದೂ ಸುಟ್ಟಿದ್ಯಾ?" ಎಂದ.

ಅವಳು ಬಲಗೈ ಹೊರಗೆ ತೆಗೆದಳು. ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಹಿರಿಯರು ತಲೆ ತಗ್ಗಿಸಿದರು. "ಇವರು ಈ ಮಾತು ಮೊದಲನೇ ದಿನ ಕೇಳಿದ್ದಿದ್ರೆ ನಾನು ಮನೆ ಬಿಡ್ತಿರ್ಲಿಲ್ಲ" ಎಂದು ಎದ್ದು ನಡೆದಳು. ಮತ್ತೆ ಬರಲಿಲ್ಲ. ಸಾಹುಕಾರ ಅತ್ತ. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತಲ್ಲ!

ಹಿಂದಿನ ಸಾಲಿನವರೇ, ಗಡಿಯಾರ ನೋಡಬೇಡಿ, ಇದು ನಿಮಗೇ ಹೇಳುತ್ತಿರುವುದು. ಸಿನಿಮಾ ನೋಡಬೇಡಿ ಎನ್ನುವುದಿಲ್ಲ. ನೋಡಿ, ಅಳಿ. ಆದರೆ ಅಲ್ಲಿಯ ಗಂಡನನ್ನು ಬೈಯುತ್ತ ಬಂದು ಅವನಂತೆಯೇ ಊಟಕ್ಕೆ ಕೂರುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ತಟ್ಟೆ ಆಮೇಲೆ ನೋಡಿ, ಬಡಿಸುವ ಕೈ ಮೊದಲು ನೋಡಿ. ಉಪ್ಪು ಕಡಿಮೆ ಎನ್ನುವ ಮೊದಲು ಏನಾಯಿತು ಎಂದು ಕೇಳಿ. ತಾಯಂದಿರೇ, ನೀವೂ ಅಷ್ಟೇ, ಬಾಗಿಲಲ್ಲಿ ಚಪ್ಪಲಿ ಬಿಡುವವನ ಮುಖ ಒಮ್ಮೆ ನೋಡಿ.

ಸರಿ, ಗಂಡಸರಿಗೆ ಒಂದೇ ಪ್ರಶ್ನೆ. ಇವತ್ತು ಬೆಳಿಗ್ಗೆ ನಿಮಗೆ ತಿಂಡಿ ಬಡಿಸಿದ್ದು ಯಾವ ಕೈ?

ಪಕ್ಕದವನ ಮುಖ ಯಾಕೆ ನೋಡುತ್ತೀರಿ? ಹೋಗಿ. ಮನೆಗೆ ಹೋಗಿ ನೋಡಿಕೊಂಡು ಊಟ ಮಾಡಿ.